ಕುಮಾರರಾಮನ ಕಥೆ: ಯುದ್ಧವು ಕಳೆದುದು, ಕಲ್ಪನೆಯು ಉಳಿಸಿದುದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಸಂಚರಿಸುವವರಿಗೆ ಹೊಲದ ಬದುವಿನಲ್ಲಿಯೋ ಹನುಮಂತನ ಗುಡಿಯ ಮುಂದೆಯೋ ವೀರಗಲ್ಲೊಂದು ಕಾಣಸಿಗುವುದು ಅಪೂರ್ವವಲ್ಲ. ಇಂಥ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ವೀರನು ಹೋರಾಡಿ ಮಡಿಯುವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವರು. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವನು. ಕೆಳಗಿನದು ನಡೆದ ಸಂಗತಿ. ಮೇಲಿನೆರಡು, ಸತ್ತವನ ಮನೆಯವರು ದುಃಖವನ್ನು ಸಹಿಸುವುದಕ್ಕಾಗಿ ಆಶ್ರಯಿಸಿದ ನಂಬಿಕೆ. ಯುದ್ಧದ ಕಥೆಗಳನ್ನೂ ಇದೇ ಕ್ರಮದಲ್ಲಿ ಓದಿದರೆ ಅವುಗಳ ಅರ್ಥವು ತಿಳಿಯುವುದು. ಈ ಸೀಮೆಯದೇ ಆದ ಗಂಡುಗಲಿ ಕುಮಾರರಾಮನ ಕಥೆಯು ಇದಕ್ಕೆ ಒಳ್ಳೆಯ ಉದಾಹರಣೆಯಾಗಿದೆ.

ಮೊದಲು ಇತಿಹಾಸವನ್ನು ನೋಡೋಣ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ತುಂಗಭದ್ರೆಯ ಎರಡು ದಡಗಳ ನಾಡನ್ನು ಕಂಪಿಲರಾಯನು ಆಳುತ್ತಿದ್ದನು. ಹೊಳೆಯ ದಕ್ಷಿಣಕ್ಕಿರುವ ಕಂಪಿಲಿಯಿಂದ ಆ ರಾಜ್ಯಕ್ಕೆ ಹೆಸರು ಬಂದಿತು. ಅದರ ಬಲವಾದ ದುರ್ಗವಾದ ಕುಮ್ಮಟವು ಗಂಗಾವತಿ ಸೀಮೆಯ ಜಬ್ಬಲಗುಡ್ಡದ ಬಳಿಯ ಬೆಟ್ಟಗಳಲ್ಲಿದೆ. ದಿಲ್ಲಿಯಲ್ಲಿ ಆಗ ಮಹಮ್ಮದ್ ಬಿನ್ ತುಘಲಕನು ಸುಲ್ತಾನನಾಗಿದ್ದನು. ಅವನ ಬಂಧುವೂ ಸಗರದ ಅಧಿಕಾರಿಯೂ ಆಗಿದ್ದ ಬಹಾವುದ್ದೀನ್ ಗುರ್ಶಾಸ್ಪನು ದಂಗೆಯೆದ್ದು ಸೋತು, ಕಂಪಿಲನ ಮರೆಹೊಕ್ಕನು. ಕಂಪಿಲನು ಅವನನ್ನು ಬಿಟ್ಟುಕೊಡಲಿಲ್ಲ. ದಿಲ್ಲಿಯ ಸೈನ್ಯವು ಮುತ್ತಿತು. ಇನ್ನು ಉಳಿಗಾಲವಿಲ್ಲವೆಂದು ಕಂಡಾಗ ಕಂಪಿಲನು ಅತಿಥಿಯನ್ನು ದ್ವಾರಸಮುದ್ರದ ಮೂರನೆಯ ಬಲ್ಲಾಳನ ಬಳಿಗೆ ಕಳುಹಿಸಿ, ತಾನು ಕದನದಲ್ಲಿ ಮಡಿದನು. ಇದು ನಡೆದದ್ದು 1327ರ ಸುಮಾರಿಗೆ. ಬಲ್ಲಾಳನು ಆ ಅತಿಥಿಯನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿಬಿಟ್ಟನು.

ಕೆಲವು ವರ್ಷಗಳ ತರುವಾಯ ಹಿಂದೂಸ್ಥಾನಕ್ಕೆ ಬಂದ ಮೊರಾಕೊ ದೇಶದ ಯಾತ್ರಿಕನಾದ ಇಬ್ನ್ ಬತೂತನು ಈ ಸಂಗತಿಯನ್ನು ಬರೆದಿಟ್ಟಿದ್ದಾನೆ. ರಾಜನು ದೊಡ್ಡ ಅಗ್ನಿಕುಂಡವನ್ನು ಮಾಡಿಸಿದನು. ಅಂತಃಪುರದ ಸ್ತ್ರೀಯರು ಸ್ನಾನಮಾಡಿ, ಗಂಧವನ್ನು ಪೂಸಿಕೊಂಡು, ರಾಜನಿಗೆ ವಂದಿಸಿ ಬೆಂಕಿಯನ್ನು ಹೊಕ್ಕರು. ಮಂತ್ರಿಗಳ ಮತ್ತು ಪ್ರಮುಖರ ಮನೆಯ ಸ್ತ್ರೀಯರೂ ಹಾಗೆಯೇ ಮಾಡಿದರು. ಅವರಲ್ಲಿ ಒಬ್ಬಳ ಹೆಸರನ್ನೂ ಅವನು ಹೇಳಿಲ್ಲ. ರಾಜನ ಹನ್ನೊಂದು ಮಂದಿ ಮಕ್ಕಳು ಸೆರೆಸಿಕ್ಕು ದಿಲ್ಲಿಗೆ ಒಯ್ಯಲ್ಪಟ್ಟು ಇಸ್ಲಾಂ ಮತಕ್ಕೆ ಸೇರಿದರು. ಅವರ ಕುಲೀನತೆಗಾಗಿಯೂ ಅವರ ತಂದೆಯ ನಡತೆಗಾಗಿಯೂ ಸುಲ್ತಾನನು ಅವರನ್ನು ಗೌರವಿಸಿ ಅಮೀರರನ್ನಾಗಿ ಮಾಡಿದನು. ಅವರಲ್ಲಿ ಕೆಲವರನ್ನು ಇಬ್ನ್ ಬತೂತನು ಸ್ವತಃ ಕಂಡಿದ್ದನು.

ಇಷ್ಟು ಇತಿಹಾಸ. ಒಂದೇ ಮನೆತನದಲ್ಲಿ ತಂದೆಯು ರಣದಲ್ಲಿ ಹೋದನು, ಹೆಂಗಸರು ಬೆಂಕಿಯಲ್ಲಿ ಹೋದರು, ಮಕ್ಕಳು ಬದುಕಿಯೂ ತಾಯ್ನಾಡಿಗೆ ಇಲ್ಲವಾದರು. ಇದನ್ನು ನಾಡಿನ ಜನರು ಹೇಗೆ ನೆನಪಿನಲ್ಲಿ ಇಟ್ಟುಕೊಂಡಾರು?

ಅವರು ಇಟ್ಟುಕೊಂಡ ರೀತಿಯೇ ಕುಮಾರರಾಮನ ಕಥೆ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿಯೂ, ಮುಂದಿನ ಶತಮಾನದಲ್ಲಿ ಪಾಂಚಾಳ ಗಂಗನೂ ಇದನ್ನು ಸಾಂಗತ್ಯದಲ್ಲಿ ಹಾಡಿದರು. ವಿವರಗಳು ಪಾಠದಿಂದ ಪಾಠಕ್ಕೆ ಭೇದಿಸುವವು. ಆದರೆ ಕಥೆಯ ಸಾರವಿಷ್ಟು. ಕಂಪಿಲರಾಯನಿಗೂ ಹರಿಯಲದೇವಿಗೂ ಜನಿಸಿದ ರಾಮನು ಮಹಾಶೂರನು; ಪರಸ್ತ್ರೀಯರನ್ನು ಒಡಹುಟ್ಟಿದವರಂತೆ ಕಾಣುವುದರಿಂದ ಪರನಾರೀಸಹೋದರನೆಂಬ ಬಿರುದುಳ್ಳವನು. ಒಂದು ದಿನ ಚೆಂಡಾಟದಲ್ಲಿ ಚೆಂಡು ಮಲತಾಯಿಯಾದ ರತ್ನಾಜಿಯ ಅರಮನೆಯಲ್ಲಿ ಬೀಳಲು, ಅದನ್ನು ತರುವುದಕ್ಕೆ ಅವನು ಒಳಗೆ ಹೋಗುವನು. ಅವಳು ಅವನನ್ನು ಮೋಹಿಸುವಳು; ಅವನು ಒಪ್ಪದಿರಲು ಗಂಡನ ಮುಂದೆ ಅವನ ಮೇಲೆಯೇ ಅಪವಾದವನ್ನು ಹೊರಿಸುವಳು. ತಂದೆಯು ವಿಚಾರಿಸದೆ ಮಗನ ತಲೆಯನ್ನು ತರಿಸಲು ಆಜ್ಞೆ ಕೊಡುವನು. ಮಂತ್ರಿಯಾದ ಬೈಚಪ್ಪನು ರಾಮನನ್ನು ನೆಲಮನೆಯಲ್ಲಿ ಅಡಗಿಸಿ, ಬೇರೊಂದು ತಲೆಯನ್ನು ತೋರಿಸುವನು. ಮುಂದೆ ದಿಲ್ಲಿಯ ದಂಡು ಬಂದಾಗ ರಾಜನು ಮಗನಿಲ್ಲವಲ್ಲಾ ಎಂದು ಮರುಗುವನು. ಆಗ ರಾಮನು ಹೊರಗೆ ಬಂದು, ತನ್ನನ್ನು ಕೊಲ್ಲಿಸಹೊರಟ ತಂದೆಗಾಗಿಯೇ ಹೋರಾಡಿ ಗೆಲ್ಲುವನು. ಕಡೆಗೆ ಮಾತಂಗಿಯೆಂಬ ವೀರಸ್ತ್ರೀಯು ನಡೆಸಿ ತಂದ ಸೈನ್ಯದ ಎದುರಿಗೆ ಅವನು ಬೀಳುವನು. ಅವನ ಶಿರವನ್ನು ದಿಲ್ಲಿಗೆ ಒಯ್ಯುವರು.

ಮಿಶನ್ ಶಾಲೆಯಲ್ಲಿ ಕಲಿತವರಿಗೆ ಇಲ್ಲಿ ಯೋಸೇಫನ ನೆನಪಾಗದೆ ಇರದು. ಪೋಟೀಫರನ ಹೆಂಡತಿಯ ಅಪವಾದದಿಂದ ಅವನೂ ಸೆರೆಮನೆಯನ್ನು ಹೊಕ್ಕನು. ಅವನೂ ಹೊರಗೆ ಬಂದು, ತನಗೆ ಕೇಡುಮಾಡಿದ ಸ್ವಂತ ಮನೆಯವರನ್ನೇ ಕಾಪಾಡಿದನು. ಆದರೆ ಯೋಸೇಫನು ತಂದೆಯ ಕೊರಳನ್ನು ತಬ್ಬಿಕೊಂಡು, ಅವನನ್ನು ಕಡೆಯವರೆಗೂ ಸಲಹಿದನು. ಕಂಪಿಲನ ಪಾಲಿಗೆ ಬಂದದ್ದು ಅಬ್ಷಾಲೋಮನಿಗಾಗಿ ಅತ್ತ ದಾವೀದನ ದುಃಖ.

ಈ ಕಥೆಯಲ್ಲಿ ತಲೆಯು ಎರಡು ಸಾರಿ ಬರುವುದನ್ನು ಗಮನಿಸಬೇಕು. ಮೊದಲನೆಯದು ತಂದೆಯು ಬೇಡಿದ ತಲೆ, ಅದು ಸುಳ್ಳಿನದು. ಎರಡನೆಯದು ಶತ್ರುವು ಕೊಂಡೊಯ್ದ ತಲೆ, ಅದು ನಿಜವಾದುದು. ಮನೆಯೊಳಗಿನ ಕೋಪವು ಮಾಡಿದ ಕೇಡನ್ನು ತಿದ್ದಿಕೊಳ್ಳಲು ತಂದೆಗೂ ಮಗನಿಗೂ ಒಂದು ಅವಕಾಶ ದೊರೆಯಿತು. ಯುದ್ಧವು ಮಾಡಿದ ಕೇಡಿಗೆ ಅಂಥ ಅವಕಾಶವಿಲ್ಲ. ಕಥೆಯನ್ನು ಕಟ್ಟಿದವರು ಇದನ್ನು ಬಲ್ಲವರಾಗಿದ್ದರು. ಆದುದರಿಂದಲೇ ಕಡೆಯ ಯುದ್ಧವು ಬರುವ ಮೊದಲೇ ತಂದೆಮಕ್ಕಳನ್ನು ಒಂದುಗೂಡಿಸಿದರು.

ಇನ್ನೊಂದು ಮಾತು. ಇತಿಹಾಸದ ಹನ್ನೊಂದು ಮಂದಿ ಮಕ್ಕಳು ದಿಲ್ಲಿಯಲ್ಲಿ ಗೌರವದಿಂದ ಬಾಳಿದರು. ಆದರೂ ಹಾಡು ಉಳಿದದ್ದು ಸತ್ತವನ ಮೇಲೆ. ಸತ್ತ ಮಗನಿಗಾಗಿ ತಾಯಿಯು ಅಳಬಹುದು, ಕಲ್ಲು ನಿಲ್ಲಿಸಬಹುದು. ಬದುಕಿದ್ದೂ ಹಿಂದಿರುಗದ ಮಗನಿಗೆ ಯಾವ ಕಲ್ಲನ್ನು ನಿಲ್ಲಿಸುವುದು? ಆ ಹೇಳಲಾಗದ ಅಗಲಿಕೆಯನ್ನೂ ಜನರು ಒಬ್ಬ ರಾಮನ ಮರಣದಲ್ಲಿಯೇ ಹಾಡಿಕೊಂಡರೆಂದು ನನಗೆ ತೋರುವುದು. ದಿಲ್ಲಿಗೆ ಹೋದ ಶಿರವನ್ನು ಅವರು ಅಲ್ಲಿಯೇ ಬಿಡಲಿಲ್ಲ. ಕುಮಾರರಾಮನನ್ನು ಪೂಜಿಸುವ ಅನೇಕ ಸ್ಥಳಗಳಲ್ಲಿ ಇಂದಿಗೂ ಪೂಜೆಗೊಳ್ಳುವುದು ಮುಂಡವಿಲ್ಲದ ಶಿರವೇ. ಹಲವೆಡೆ ಅದನ್ನು ಮರದಲ್ಲಿ ಕೆತ್ತಿರುವರು. ಯುದ್ಧವು ಒಯ್ದುದನ್ನು ನಾಡಿನ ಭಕ್ತಿಯು ಹೀಗೆ ಮನೆಗೆ ತಂದುಕೊಂಡಿತು. ಇದು ವೀರಗಲ್ಲಿನ ಮೇಲಿನ ಪಟ್ಟಿಯಂತೆಯೇ.

ಮಕ್ಕಳಿಗೆ ಈ ಕಥೆಯನ್ನು ಹೇಳುವ ತಾಯಿತಂದೆಗಳು ಎರಡು ವಿಷಯಗಳಲ್ಲಿ ಎಚ್ಚರದಿಂದಿರುವುದು ಒಳ್ಳೆಯದು. ಮೊದಲನೆಯದಾಗಿ, ಇದನ್ನು ಮತಮತಗಳ ಹಗೆಯ ಕಥೆಯನ್ನಾಗಿ ಮಾಡಬಾರದು. ಕಂಪಿಲನು ಪ್ರಾಣ ಕೊಟ್ಟದ್ದು ಮುಸಲ್ಮಾನನಾದ ಒಬ್ಬ ಶರಣಾಗತನಿಗಾಗಿ. ಅವನ ಸದ್ಗುಣವನ್ನು ಲೋಕಕ್ಕೆ ತಿಳಿಸಿದವನೂ ಮುಸಲ್ಮಾನನಾದ ಒಬ್ಬ ಯಾತ್ರಿಕನೇ. ಎರಡನೆಯದಾಗಿ, ರತ್ನಾಜಿಯೊಬ್ಬಳ ಮೇಲೆಯೇ ದೋಷವನ್ನೆಲ್ಲಾ ಹೊರಿಸಿ ಮಲತಾಯಿಯರೆಲ್ಲರೂ ಹೀಗೆಯೇ ಎಂದು ಕಲಿಸಬಾರದು. ಅವಳ ಸುಳ್ಳು ದೊಡ್ಡ ತಪ್ಪು, ನಿಜ. ಆದರೆ ಒಂದು ಪಕ್ಷದ ಮಾತನ್ನು ಕೇಳಿ, ಮಗನನ್ನು ಕರೆದು ಒಂದು ಮಾತನ್ನೂ ಕೇಳದೆ ತೀರ್ಪು ಕೊಟ್ಟವನು ತಂದೆ. ನಮ್ಮ ಮನೆಗಳಲ್ಲಿ ತಲೆಗಳು ಉರುಳದಿರಬಹುದು. ವಿಚಾರಿಸದೆ ಕೊಟ್ಟ ತೀರ್ಪಿನಿಂದ ಮಕ್ಕಳ ಮನಸ್ಸು ಮುರಿಯುವುದುಂಟು. ಎಲ್ಲ ಮನೆಗಳಲ್ಲಿಯೂ ಬೈಚಪ್ಪನಂಥವರು ಇರುವುದಿಲ್ಲ.

ಕುಮ್ಮಟವು ಬಿದ್ದ ಹತ್ತು ವರ್ಷಗಳೊಳಗೆ, 1336ರಲ್ಲಿ, ಅದೇ ತುಂಗಭದ್ರೆಯ ತೀರದಲ್ಲಿ ವಿಜಯನಗರವು ತಲೆಯೆತ್ತಿತೆಂದು ನಾವು ಓದುತ್ತೇವೆ. ಆ ಸಾಮ್ರಾಜ್ಯದ ಸ್ಥಾಪಕರಾದ ಹರಿಹರ ಬುಕ್ಕರು ಕಂಪಿಲನ ಸೇವೆಯಲ್ಲಿದ್ದರೆಂದು ಹೇಳುವುದೂ ಉಂಟು. ರಾಜ್ಯಗಳ ಚರಿತ್ರೆಯು ಹೀಗೆ ಮುಂದಕ್ಕೆ ಸಾಗುವುದು. ಆದರೆ ಆ ಅಗ್ನಿಯನ್ನು ಹೊಕ್ಕ ಸ್ತ್ರೀಯರಿಗೆ ರಾಮನಿಗೆ ದೊರೆತಂಥ ಹಾಡು ದೊರೆಯಲಿಲ್ಲ. ಓದುಬರಹವನ್ನು ಕಲಿತ ಹೆಣ್ಣುಮಕ್ಕಳು ಕುಮಾರರಾಮನ ಕಥೆಯನ್ನು ಹೇಳುವಾಗ ಅವರನ್ನೂ ಒಂದು ಮಾತಿನಲ್ಲಿ ನೆನೆಯಲಿ. ಹೆಸರು ಉಳಿಯದವರಿಗೆ ನಾವು ಸಲ್ಲಿಸಬಹುದಾದ ಗೌರವವು ಅದೇ.