ಅಂಕಿಗೂ ಒಂದು ಸನದ್ ಬೇಡವೇ?

ಕಳೆದ ಲೋಕಸಭಾ ಚುನಾವಣೆಗೆ ಕೆಲವು ವಾರ ಇರುವಾಗಿನ ಸಂಗತಿ. ಅಸರ್ ನಮಾಝ್ ಮುಗಿಸಿ ನಾವು ನಾಲ್ಕೈದು ಮಂದಿ ಮಸೀದಿ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆವು. ಟ್ಯಾಬ್ ಹಿಡಿದ ಒಬ್ಬ ಹುಡುಗ ಬಂದ. ಸರ್ವೇಯಂತೆ. ನಮ್ಮಲ್ಲಿ ಹಿರಿಯರಾದ ಮೀನು ವ್ಯಾಪಾರದ ಕಾಕನ ಹತ್ತಿರ ಸರಕಾರದ ಕೆಲಸ ತೃಪ್ತಿ ತಂದಿದೆಯಾ ಎಂದು ಕೇಳಿದ. "ಎಲ್ಲಾ ಒಳ್ಳೇದುಂಟು" ಎಂದರು ಕಾಕ. ಬೆಲೆಯೇರಿಕೆ? "ಹೇಗಾದ್ರೂ ಆಗ್ತದೆ." ಯಾವ ಪಕ್ಷಕ್ಕೆ ಓಟು? "ಇನ್ನೂ ಆಲೋಚನೆ ಮಾಡ್ಲಿಲ್ಲ."

ಹುಡುಗ ಹೋದ ಮೇಲೆ ಅದೇ ಕಾಕ ಡೀಸೆಲ್ ದರದಿಂದ ಹಿಡಿದು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮಗನವರೆಗೆ ಅರ್ಧ ಗಂಟೆ ಮಾತಾಡಿದರು. ಇದನ್ನೇ ಅವನಿಗೆ ಹೇಳಬಹುದಿತ್ತಲ್ಲ ಎಂದರೆ, "ಅವ ಯಾರ ಕಡೆಯವ ಅಂತ ಗೊತ್ತುಂಟಾ ಉಸ್ತಾದ್? ಹೆಸರು, ಫೋನ್ ನಂಬ್ರ ಎರಡೂ ಬರ್ಕೊಂಡು ಹೋದ" ಎಂದರು.

ಆ ಟ್ಯಾಬಿನಲ್ಲಿ ಕಾಕ ತೃಪ್ತರ ಪಟ್ಟಿಗೆ ಸೇರಿದರು. ಇಂತಹ ಉತ್ತರಗಳನ್ನೇ ಕೂಡಿಸಿ, ಶೇಕಡಾ ಹಾಕಿ, ರಾತ್ರಿ ಟಿವಿಯಲ್ಲಿ 'ಜನಾಭಿಪ್ರಾಯ' ಎಂದು ತೋರಿಸುತ್ತಾರೆ.

ಹಾಗೆಂದು ಸರ್ವೇಗಳೆಲ್ಲ ಸುಳ್ಳು ಎನ್ನುವ ವಾದ ನಮ್ಮದಲ್ಲ. ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಪಾತ್ರೆಯನ್ನು ಒಮ್ಮೆ ತಿರುವಿರಬೇಕು. ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ 1936ರಲ್ಲಿ ತಿರುವದೆ ಮೇಲಿನ ಅಗುಳುಗಳನ್ನೇ ಹಿಸುಕಿ ನೋಡಿತು. ಅಧ್ಯಕ್ಷರು ಯಾರಾಗಬೇಕೆಂದು ಸುಮಾರು 1 ಕೋಟಿ ಮಂದಿಗೆ ಕಾರ್ಡು ಕಳಿಸಿತು, 23 ಲಕ್ಷದಷ್ಟು ವಾಪಸು ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಬರೆಯಿತು. ಗೆದ್ದದ್ದು ರೂಸ್ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ! ವಿಳಾಸಗಳನ್ನು ಹೆಚ್ಚಾಗಿ ತೆಗೆದದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ. ಬಡವರಿಗೆ ಕಾರ್ಡೇ ಹೋಗಲಿಲ್ಲ. ಹೋದವರಲ್ಲೂ ತಿರುಗಿ ಬರೆಯುವ ಉಮೇದು ರೂಸ್ವೆಲ್ಟ್ ವಿರೋಧಿಗಳಿಗೇ ಜಾಸ್ತಿ ಇತ್ತು. ಅದಕ್ಕಿಂತ ಎಷ್ಟೋ ಕಡಿಮೆ ಮಂದಿಯನ್ನು ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ಮದ್ರಸದಲ್ಲಿ ಹದೀಸ್ ಕಲಿಸುವಾಗ ಸನದ್ ಅಂದರೇನು ಎಂದು ಮೊದಲು ಹೇಳಿಕೊಡುತ್ತೇವೆ. ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ಇಬ್ಬರೂ ಭೇಟಿಯಾಗಿದ್ದರೇ, ನೆನಪು ಗಟ್ಟಿ ಇತ್ತೇ? ಮಾತು ಎಷ್ಟು ಚಂದವಿದ್ದರೂ ನಡುವೆ ಒಂದು ಕೊಂಡಿ ತಪ್ಪಿದರೆ ಅದು ಝಈಫ್, ದುರ್ಬಲ. ಇದನ್ನು ಬಾಯಿಪಾಠ ಮಾಡಿದ ನಾವೇ ವಾಟ್ಸ್ಆ್ಯಪಿನಲ್ಲಿ ಬಂದ 'ಸಮೀಕ್ಷೆ'ಯನ್ನು ಕಣ್ಣುಮುಚ್ಚಿ ಮುಂದೆ ಕಳಿಸುತ್ತೇವೆ. ಕೇಳಿದ್ದು ಯಾರು, ಎಷ್ಟು ಮಂದಿಯನ್ನು, ಮನೆಗೆ ಹೋಗಿಯೋ ಫೋನಿನಲ್ಲೋ, ದುಡ್ಡು ಕೊಟ್ಟದ್ದು ಯಾರು ಎಂದು ಯಾರೂ ವಿಚಾರಿಸುವುದಿಲ್ಲ.

ದಿಲ್ಲಿಯ ಸಿಎಸ್‌ಡಿಎಸ್ ಸಂಸ್ಥೆಯ 'ಲೋಕನೀತಿ' ತಂಡ ಮತದಾರರ ಪಟ್ಟಿಯಿಂದಲೇ ಹೆಸರು ಆರಿಸಿ, ಅವರ ಮನೆಗೇ ಹೋಗುತ್ತದೆ. ಓಟಿನ ಪ್ರಶ್ನೆ ಬಂದಾಗ ಬಾಯಿಯಲ್ಲಿ ಹೇಳಿಸದೆ, ಮಾದರಿ ಮತಪತ್ರದಲ್ಲಿ ಗುರುತು ಮಾಡಿಸಿ ಪೆಟ್ಟಿಗೆಗೆ ಹಾಕಿಸುವ ಕ್ರಮ ಅವರದ್ದು. ಹೆದರುವ ಕಾಕಂದಿರಿಗಾಗಿಯೇ ಮಾಡಿದ ಹಾಗುಂಟು.

ಓಟಿನ ಲೆಕ್ಕ ಸಿಕ್ಕಿದರೂ ಸೀಟಿನ ಲೆಕ್ಕ ಬೇರೆಯೇ. ನಮ್ಮ ರಾಜ್ಯದಲ್ಲಿ 2018ರಲ್ಲಿ ಬಿಜೆಪಿಗೆ ಶೇ.36ರಷ್ಟು ಓಟು, 104 ಸೀಟು. 2023ರಲ್ಲೂ ಹೆಚ್ಚುಕಮ್ಮಿ ಅಷ್ಟೇ ಓಟು, ಸೀಟು 66.

2024ರ ಜೂನ್ 1ರ ಸಂಜೆ ಹೆಚ್ಚಿನ ಚಾನೆಲ್‌ಗಳು ಎನ್‌ಡಿಎಗೆ 350ಕ್ಕಿಂತ ಜಾಸ್ತಿ ಕೊಟ್ಟವು. ಜೂನ್ 3ರಂದು ಸೆನ್ಸೆಕ್ಸ್ ಸುಮಾರು 2,500 ಅಂಶ ಜಿಗಿಯಿತು. ಮರುದಿನ ಎಣಿಕೆಯಲ್ಲಿ ಎನ್‌ಡಿಎಗೆ ಸಿಕ್ಕಿದ್ದು 293. ಸೆನ್ಸೆಕ್ಸ್ 4,300ಕ್ಕೂ ಹೆಚ್ಚು ಅಂಶ ಕುಸಿಯಿತು. ಷೇರು ಕೊಂಡವರ ದುಡ್ಡು ಹೋಯಿತು, ಅಂಕಿ ಹೇಳಿದವರು ಮರುವಾರ ಬೇರೆ ಚರ್ಚೆಗೆ ಕೂತರು. ಮತದಾನ ಪೂರ್ತಿ ಮುಗಿಯುವ ತನಕ ಎಕ್ಸಿಟ್ ಪೋಲ್ ತೋರಿಸಬಾರದೆಂದು ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಹೇಳುತ್ತದೆ. ಆ ಕಲಂ ಸಮಯದ ಬಗ್ಗೆ ಮಾತ್ರ, ಸನದಿನ ಬಗ್ಗೆ ಅಲ್ಲ.

ಅಳೆಯುವುದಕ್ಕಿಂತ ಮೊದಲು ಅಭಿಪ್ರಾಯ ತಯಾರಾಗುವುದೂ ಉಂಟಲ್ಲ. 2020ರ ಏಪ್ರಿಲನ್ನು ನಾವು ಮರೆತಿಲ್ಲ. ನಿಝಾಮುದ್ದೀನ್ ಮರ್ಕಝ್ ಹೆಸರಿನಲ್ಲಿ ಎಷ್ಟೋ ಚಾನೆಲ್‌ಗಳು ಹಗಲೂ ರಾತ್ರಿ ಒಂದೇ ಚಿತ್ರ ತೋರಿಸಿದವು. ನಿನ್ನೆಯ ತನಕ ನಮ್ಮಿಂದ ಹಣ್ಣು ತೆಗೆದುಕೊಳ್ಳುತ್ತಿದ್ದವರು ಗಾಡಿ ಕಂಡರೆ ದೂರ ಹೋದರು. ಅವರು ಕೆಟ್ಟವರಲ್ಲ, ಟಿವಿ ನೋಡಿದವರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ವಿದೇಶಿಯರ ಮೇಲಿನ ಎಫ್‌ಐಆರ್ ರದ್ದು ಮಾಡಿ, ಮಾಧ್ಯಮಗಳಲ್ಲಿ ದೊಡ್ಡ ಅಪಪ್ರಚಾರ ನಡೆದಿದೆ ಎಂದಿತು. 2025ರ ಜುಲೈಯಲ್ಲಿ ದಿಲ್ಲಿ ಹೈಕೋರ್ಟು 70 ಭಾರತೀಯರ ಮೇಲಿನ ಕೇಸುಗಳನ್ನೂ ರದ್ದು ಮಾಡಿತು. ಆ ಸುದ್ದಿಯನ್ನು ಎಷ್ಟು ನಿಮಿಷ ತೋರಿಸಿದರು, ಓದುಗರಿಗೇ ಗೊತ್ತು.

ಜರ್ಮನಿಯ ಎಲಿಸಬೆತ್ ನೊಯೆಲ್ ನಾಯ್ಮನ್ ಎಂಬ ವಿದುಷಿ 1974ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ತನ್ನ ಮಾತಿಗೆ ಸುತ್ತಲೂ ಬೆಂಬಲವಿಲ್ಲ ಎಂದು ಕಂಡರೆ ಮನುಷ್ಯ ಬಾಯಿ ಮುಚ್ಚುತ್ತಾನೆ. ಅವನು ಮುಚ್ಚಿದಷ್ಟೂ ಎದುರಿನ ಮಾತು ದೊಡ್ಡದಾಗಿ ಕೇಳುತ್ತದೆ. ಆಗ ಇನ್ನೊಬ್ಬನೂ ಮುಚ್ಚುತ್ತಾನೆ. ಕಾಕನ "ಒಳ್ಳೇದುಂಟು" ಎಲ್ಲಿಂದ ಬಂತೆಂದು ಇದನ್ನು ಓದಿದಾಗ ನಮಗೆ ಅಂದಾಜಾಯಿತು.

ಆದರೆ ಬಾಯಿ ಮುಚ್ಚಿಸುವ ಕೆಲಸವನ್ನು ಬರೀ ಟಿವಿಯವರ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಆ ಟ್ಯಾಬಿನ ಹುಡುಗ ಹೋಗಿ ಕೆಲವು ತಿಂಗಳ ನಂತರ ಮದ್ರಸದ ಹಿಂದಿನ ಮನೆಗೆ ಇನ್ನೊಂದು ಸರ್ವೇಯ ಹುಡುಗಿ ಬಂದಿದ್ದಳು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮತದಾರರ ಪಟ್ಟಿ. ಜಗಲಿಯಲ್ಲಿದ್ದ ಗಂಡ, "ಅವಳಿಗೆ ಎಂತ ಗೊತ್ತುಂಟು? ನಾನೇ ಹೇಳ್ತೇನೆ, ಬರ್ಕೊಳ್ಳಿ" ಎಂದ. "ಇಲ್ಲ ಸರ್, ಪಟ್ಟಿಯಲ್ಲಿ ಇರುವುದು ಅವರ ಹೆಸರು" ಎಂದಳು ಹುಡುಗಿ. ಅವ ನಮ್ಮ ಮುಖ ನೋಡಿದ. "ಕೇಳ್ಲಿ ಮೋನು" ಎಂದೆವು. ಬಾಗಿಲು ಅರ್ಧ ತೆರೆಯಿತು. ಒಳಗೆ ಹೋದ ಹುಡುಗಿ ಹೊರಗೆ ಬಂದದ್ದು ಮುಕ್ಕಾಲು ಗಂಟೆ ಕಳೆದ ಮೇಲೆ.