ಹೊಸ ಮೈದಾನದಲ್ಲಿ ಗಾಲ್ಫ್ ಚೆಂಡು ಕುಣಿದದ್ದೇಕೆ? ಒಂದು ಕಳೆಹುಲ್ಲಿನ ಕತೆ

2015ರ ಜೂನ್ 21, ಭಾನುವಾರದ ಸಂಜೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ದಂಡೆಯಲ್ಲಿರುವ ಚೇಂಬರ್ಸ್ ಬೇ ಎಂಬ ಗಾಲ್ಫ್ ಮೈದಾನ. ಡಸ್ಟಿನ್ ಜಾನ್ಸನ್ ಎಂಬ ಆಟಗಾರ ಕೊನೆಯ ಕುಳಿಯಿಂದ ಸುಮಾರು 12 ಅಡಿ ದೂರದಲ್ಲಿ ಚೆಂಡಿನ ಮುಂದೆ ನಿಂತಿದ್ದ. ಒಂದೇ ತಟ್ಟಿಗೆ ಚೆಂಡು ಕುಳಿಗೆ ಬಿದ್ದರೆ ಯು.ಎಸ್. ಓಪನ್ ಪ್ರಶಸ್ತಿ ಅವನದು. ಎರಡು ತಟ್ಟಿಗೆ ಬಿದ್ದರೂ ಸಾಕು, ಪಂದ್ಯ ಸಮವಾಗಿ ಮರುದಿನ ಮತ್ತೆ ಆಡಬಹುದಿತ್ತು. ಜಾನ್ಸನ್‌ಗೆ ಮೂರು ತಟ್ಟು ಬೇಕಾಯಿತು. ಮೊದಲನೆಯದು ಕುಳಿಯ ಪಕ್ಕದಿಂದ ಮುಂದೆ ಹೋಯಿತು. ಹಿಂದಕ್ಕೆ ತಟ್ಟಿದ ಸುಮಾರು 4 ಅಡಿಯ ಚೆಂಡೂ ಒಳಗೆ ಬೀಳಲಿಲ್ಲ. ಅಷ್ಟರಲ್ಲಾಗಲೇ ಆಟ ಮುಗಿಸಿ ಕಾಯುತ್ತಿದ್ದ 21 ವರ್ಷದ ಜೋರ್ಡನ್ ಸ್ಪೀತ್ ಒಂದು ಹೊಡೆತದ ಅಂತರದಲ್ಲಿ ಗೆದ್ದ.

ಆ ವಾರವಿಡೀ ಆಟಗಾರರು ಒಂದೇ ದೂರು ಹೇಳುತ್ತಿದ್ದರು: ಇಲ್ಲಿ ಚೆಂಡು ಉರುಳುವುದಿಲ್ಲ, ಕುಣಿಯುತ್ತದೆ. ಸ್ವೀಡನ್ನಿನ ಹೆನ್ರಿಕ್ ಸ್ಟೆನ್ಸನ್ ಅಲ್ಲಿನ ಹುಲ್ಲನ್ನು ಬ್ರೊಕೊಲಿಗೆ ಹೋಲಿಸಿದ. ರೋರಿ ಮೆಕ್‌ಇಲ್ರಾಯ್, ಬ್ರೊಕೊಲಿಯಷ್ಟು ಹಸಿರು ಇದಕ್ಕೆಲ್ಲಿದೆ, ಇದು ಹೂಕೋಸು ಎಂದು ತಿದ್ದಿದ. ಟಿವಿಯಲ್ಲಿ ನೋಡಿದವರಿಗೂ ಗೊಂದಲ. ಕೋಟಿಗಟ್ಟಲೆ ಖರ್ಚು ಮಾಡುವ ಪಂದ್ಯದಲ್ಲಿ ಒಂದು ಹುಲ್ಲುಹಾಸನ್ನು ಸರಿಯಾಗಿ ಇಟ್ಟುಕೊಳ್ಳಲು ಆಗಲಿಲ್ಲವೇ? ಅದೂ ಎಂಟೇ ವರ್ಷದ ಹೊಸ ಮೈದಾನದಲ್ಲಿ?

ಹೊಸದು ಎಂದರೆ ಚೆನ್ನಾಗಿರಲೇಬೇಕು ಎಂಬ ನಮ್ಮ ಅಂದಾಜೇ ಇಲ್ಲಿ ಎಡವುತ್ತದೆ. ಹುಲ್ಲಿನ ವಿಷಯದಲ್ಲಿ ಹೊಸತನ ಹೆಚ್ಚಿನ ಸಲ ಒಂದು ಕೊರತೆ. ಏಕೆಂದು ನೋಡೋಣ.

ಜಲ್ಲಿ ಗಣಿಯಲ್ಲಿ ಗಾಲ್ಫ್

ಚೇಂಬರ್ಸ್ ಬೇ ಇರುವ ಜಾಗ ಮೊದಲು ಮರಳು ಮತ್ತು ಜಲ್ಲಿ ತೆಗೆಯುವ ಗಣಿಯಾಗಿತ್ತು. ಹಿಮಯುಗದ ನೀರ್ಗಲ್ಲುಗಳು ತಂದು ಸುರಿದ ಮರಳಿನ ದಿಬ್ಬ ಅದು. ದಶಕಗಳ ಕಾಲ ಅಗೆದ ಮೇಲೆ ಉಳಿದ ದೊಡ್ಡ ತಗ್ಗನ್ನು ಅಲ್ಲಿನ ಪಿಯರ್ಸ್ ಕೌಂಟಿ ಆಡಳಿತ ಸಾರ್ವಜನಿಕ ಗಾಲ್ಫ್ ಮೈದಾನವಾಗಿ ಮಾಡಿತು. ವಿನ್ಯಾಸ ರಾಬರ್ಟ್ ಟ್ರೆಂಟ್ ಜೋನ್ಸ್ ಜೂನಿಯರ್ ಅವರ ಸಂಸ್ಥೆಯದು. 2007ರಲ್ಲಿ ಬಾಗಿಲು ತೆರೆಯಿತು. ಮರು ವರ್ಷವೇ, ಅಂದರೆ ಹುಲ್ಲು ಬೇರೂರುವ ಹೊತ್ತಿಗೇ, 2015ರ ಯು.ಎಸ್. ಓಪನ್ ಇಲ್ಲಿಯೇ ಎಂದು ಘೋಷಣೆಯೂ ಆಯಿತು. ಅಮೆರಿಕದ ವಾಯುವ್ಯ ಮೂಲೆಯಲ್ಲಿ ಈ ಪಂದ್ಯ ನಡೆದದ್ದು ಅದೇ ಮೊದಲು. ಇಡೀ ಮೈದಾನದಲ್ಲಿ ಒಂದೇ ಒಂದು ಮರ. ಗಣಿ ಕಾಲದ ಕಾಂಕ್ರೀಟ್ ಗೋಡೆಗಳು ಇಂದಿಗೂ ಅಲ್ಲೇ ನಿಂತಿವೆ.

ಹೊಸ ಮೈದಾನಕ್ಕೆ ಬೈಗುಳ ಬಿದ್ದದ್ದು ಇದೇ ಮೊದಲಲ್ಲ ಬಿಡಿ. 1970ರಲ್ಲಿ ಯು.ಎಸ್. ಓಪನ್ ಮಿನೆಸೋಟಾದ ಹೇಝಲ್‌ಟೀನ್‌ಗೆ ಹೋದಾಗ ಅದಕ್ಕೂ ಎಂಟೇ ವರ್ಷ. ಡೇವ್ ಹಿಲ್ ಎಂಬ ಆಟಗಾರ, ಇಲ್ಲಿ ಜೋಳದ ಹೊಲ ಮತ್ತು ನಾಲ್ಕು ಹಸು ಇದ್ದಿದ್ದರೆ ಸರಿಹೋಗುತ್ತಿತ್ತು ಎಂಬರ್ಥದಲ್ಲಿ ಗೇಲಿ ಮಾಡಿ ದಂಡ ತೆತ್ತ. ಅವನು ಆ ಪಂದ್ಯದಲ್ಲಿ ಎರಡನೆಯವನಾಗಿ ಮುಗಿಸಿದ್ದ ಎಂಬುದು ಬೇರೆ ಮಾತು.

ಗ್ರೀನ್ ಎಂದರೆ ಕಂಬಳಿಯಲ್ಲ

ಕುಳಿಯ ಸುತ್ತ ಇರುವ, ತೀರಾ ಗಿಡ್ಡಕ್ಕೆ ಕತ್ತರಿಸಿದ ಹುಲ್ಲುಹಾಸಿಗೆ ಗ್ರೀನ್ ಎನ್ನುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಅಲ್ಲಿನ ಹುಲ್ಲಿನ ಎತ್ತರ ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸು. ಎರಡು ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ಎಂದುಕೊಳ್ಳಿ. ದೂರದಿಂದ ಕಂಬಳಿ ಹಾಸಿದಂತೆ ಕಂಡರೂ ಅದು ಲಕ್ಷಗಟ್ಟಲೆ ಗಿಡಗಳ ಗುಂಪು. ಪ್ರತಿ ಗಿಡವೂ ಬೆಳೆಯುತ್ತಿರುತ್ತದೆ, ಪಂದ್ಯ ನಡೆಯುವಾಗಲೂ.

ಇದರ ಮೇಲೆ ಚೆಂಡು ಎಷ್ಟು ಸಲೀಸಾಗಿ ಉರುಳುತ್ತದೆ ಎಂದು ಅಳೆಯಲು ಸ್ಟಿಂಪ್‌ಮೀಟರ್ ಎಂಬ ಸರಳ ಉಪಕರಣವಿದೆ. 1935ರಲ್ಲಿ ಓಕ್‌ಮಾಂಟ್ ಮೈದಾನದಲ್ಲಿ ಪಂದ್ಯ ನೋಡಲು ಹೋಗಿದ್ದ ಎಡ್ವರ್ಡ್ ಸ್ಟಿಂಪ್ಸನ್, ಮೆಲ್ಲಗೆ ತಟ್ಟಿದ ಚೆಂಡೊಂದು ಗ್ರೀನ್ ದಾಟಿ ಉರುಳಿಹೋದದ್ದನ್ನು ಕಂಡು ಇದನ್ನು ಮಾಡಿದರಂತೆ. ಮೂರು ಅಡಿ ಉದ್ದದ, ಕಾಲುವೆಯಂಥ ಪಟ್ಟಿ. ಅದರ ಒಂದು ಗುಳಿಯಲ್ಲಿ ಚೆಂಡು ಇಟ್ಟು ನಿಧಾನವಾಗಿ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿ ಇಳಿಜಾರಿನಲ್ಲಿ ಚೆಂಡು ತಾನಾಗಿ ಜಾರುತ್ತದೆ. ಹೀಗಾಗಿ ಯಾರು ಅಳೆದರೂ ಚೆಂಡು ನೆಲ ಮುಟ್ಟುವ ವೇಗ ಒಂದೇ, ಸೆಕೆಂಡಿಗೆ ಸುಮಾರು 1.8 ಮೀಟರ್. ಅಲ್ಲಿಂದ ಅದು ಎಷ್ಟು ಅಡಿ ಉರುಳಿತೋ ಅದೇ ಆ ಗ್ರೀನ್‌ನ ವೇಗ. 11, 12 ಅಡಿ ಬಂದರೆ ವೇಗದ ಗ್ರೀನ್.

ಆದರೆ ಈ ಪಟ್ಟಿ ಹೇಳುವುದು ವೇಗವನ್ನು ಮಾತ್ರ. ಚೆಂಡು ನುಣ್ಣಗೆ ಉರುಳಿತೋ, ತೊಡರುತ್ತಾ ಹೋಯಿತೋ ಎಂಬುದು ಆ ಒಂದು ಸಂಖ್ಯೆಯಲ್ಲಿ ಕಾಣುವುದಿಲ್ಲ. ಚೇಂಬರ್ಸ್ ಬೇಯಲ್ಲಿ ತೊಂದರೆ ಇದ್ದದ್ದು ಈ ಎರಡನೆಯದರಲ್ಲಿ.

ಒಂದು ಮಿಲಿಮೀಟರ್ ಏನು ಮಾಡಬಲ್ಲದು?

ನಾವು ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆವು. ಉರುಳುವ ಚೆಂಡು 1 ಮಿಲಿಮೀಟರ್ ಎತ್ತರದ ಉಬ್ಬನ್ನು ಹತ್ತಬೇಕು ಎಂದುಕೊಳ್ಳಿ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿದ್ದರೆ, ಅದನ್ನು ಹತ್ತಲು ಚೆಂಡಿನ ಶಕ್ತಿಯಲ್ಲಿ ಶೇಕಡಾ ಒಂದು ಪಾಲೂ ಬೇಕಿಲ್ಲ. ಅದೇ ಚೆಂಡು ಸೆಕೆಂಡಿಗೆ 20 ಸೆಂಟಿಮೀಟರ್‌ಗೆ ನಿಧಾನಿಸಿದಾಗ? ಇರುವ ಶಕ್ತಿಯಲ್ಲಿ ಮೂರನೇ ಒಂದು ಭಾಗ ಆ ಉಬ್ಬಿಗೇ ಬೇಕು. ನೇರ ಹತ್ತಿದರೆ ಇಳಿಯುವಾಗ ಒಂದಿಷ್ಟು ಮರಳಿ ಸಿಗುತ್ತದೆ ಅನ್ನಿ. ಆದರೆ ಉಬ್ಬಿನ ಅಂಚಿಗೆ ತಗುಲಿದರೆ ಚೆಂಡು ಪಕ್ಕಕ್ಕೆ ತಿರುಗುತ್ತದೆ, ಆ ತಿರುವನ್ನು ಸರಿಮಾಡುವವರು ಯಾರೂ ಇಲ್ಲ. ಸೈಕಲ್ ಜೋರಾಗಿ ಹೋಗುವಾಗ ಲೆಕ್ಕಕ್ಕೇ ಬಾರದ ಕಲ್ಲು, ನಿಲ್ಲಿಸುವ ಹೊತ್ತಿಗೆ ಸಿಕ್ಕರೆ ಹ್ಯಾಂಡಲ್ ಹೇಗೆ ಹೊರಳಿಸುತ್ತದೆ ಎಂದು ನೆನಪಿಸಿಕೊಳ್ಳಿ.

ಕುಳಿಯ ಅಗಲ 108 ಮಿಲಿಮೀಟರ್. 12 ಅಡಿ ದೂರದಿಂದ ಹೊರಟ ಚೆಂಡಿನ ದಿಕ್ಕು ಒಂದು ಡಿಗ್ರಿ ತಪ್ಪಿದರೆ ಕುಳಿಯ ನಡುವಿನಿಂದ 6 ಸೆಂಟಿಮೀಟರ್ ದೂರ ಹೋಗುತ್ತದೆ, ಅಂದರೆ ಅಂಚಿನಿಂದಲೂ ಆಚೆ. ಹೀಗಿರುವಾಗ ಬರಿಗಣ್ಣಿಗೆ ಕಾಣದಷ್ಟು ಉಬ್ಬುತಗ್ಗು ಕೂಡ ಸಣ್ಣ ವಿಷಯವಲ್ಲ.

ಎರಡು ಹುಲ್ಲುಗಳ ಜಗಳ

ಚೇಂಬರ್ಸ್ ಬೇಯಲ್ಲಿ ಗ್ರೀನ್‌ನಿಂದ ಹಿಡಿದು ಇಡೀ ಮೈದಾನಕ್ಕೆ ಹಾಕಿದ್ದು ಫೆಸ್ಕ್ಯೂ ಎಂಬ ಸೂಜಿಯಂಥ ತೆಳು ಎಲೆಯ ಹುಲ್ಲು. ಸ್ಕಾಟ್ಲೆಂಡ್‌ನ ಕಡಲ ತೀರದ ಹಳೆಯ ಗಾಲ್ಫ್ ಮೈದಾನಗಳ ಹುಲ್ಲು ಇದು. ಮರಳು ನೆಲ ಇದಕ್ಕೆ ಇಷ್ಟ, ನೀರು ಗೊಬ್ಬರ ಕಡಿಮೆ ಸಾಕು, ಬೆಳೆಯುವುದೂ ನಿಧಾನ. ಹಳೆಯ ಗಣಿಯ ಮರಳಿನಲ್ಲಿ, ಸರ್ಕಾರಿ ದುಡ್ಡಿನಲ್ಲಿ ಮೈದಾನ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಯಾವುದು? ಆ ತೀರ್ಮಾನವನ್ನು ತಪ್ಪು ಎನ್ನಲು ನಮಗೆ ಮನಸ್ಸು ಬಾರದು. ಆದರೆ ಫೆಸ್ಕ್ಯೂಗೆ ಒಂದು ದೌರ್ಬಲ್ಯವಿದೆ. ತುಳಿತ ತಡೆಯದು. ತುಳಿದು ಸೊರಗಿದ ಕಡೆ ಚೇತರಿಸಿಕೊಳ್ಳಲು ಬಹಳ ಸಮಯ ಬೇಕು. ದುಡ್ಡು ಕೊಟ್ಟವರೆಲ್ಲ ಆಡಬಹುದಾದ ಸಾರ್ವಜನಿಕ ಮೈದಾನದಲ್ಲಿ ತುಳಿತಕ್ಕೇನು ಕೊರತೆ?

ಹೀಗೆ ತೆರವಾದ ಜಾಗಕ್ಕೆ ಬರುವುದು ಪೋವಾ ಆನುವಾ. ತಂಪು ಸೀಮೆಯ ಹಟಮಾರಿ ಕಳೆ. ಶೂ ತಳಕ್ಕೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಂಟಿಕೊಂಡು ಇದರ ಬೀಜ ಊರೆಲ್ಲ ಸುತ್ತುತ್ತದೆ. 3 ಮಿಲಿಮೀಟರ್‌ಗೆ ಕತ್ತರಿಸುತ್ತಿದ್ದರೂ ಆ ಎತ್ತರದಲ್ಲೇ ತೆನೆ ಬಿಟ್ಟು ಬೀಜ ಕಟ್ಟುವ ಗಟ್ಟಿ ಜೀವ. ಬಣ್ಣದಲ್ಲಿ ಫೆಸ್ಕ್ಯೂಗಿಂತ ತಿಳಿ ಹಸಿರು. ಆ ವಾರ ಟಿವಿಯಲ್ಲಿ ಗ್ರೀನ್‌ಗಳು ಮಚ್ಚೆ ಮಚ್ಚೆಯಾಗಿ ಕಂಡದ್ದು ಇದರಿಂದಲೇ.

ಈಗ ನೋಡಿ. ಬೆಳಿಗ್ಗೆ ಎರಡೂ ಹುಲ್ಲನ್ನು ಒಂದೇ ಎತ್ತರಕ್ಕೆ ಕತ್ತರಿಸುತ್ತಾರೆ. ಬಿಸಿಲೇರುತ್ತಿದ್ದಂತೆ ಪೋವಾ ಬೇಗ ಬೆಳೆಯುತ್ತದೆ, ಅದರ ಪುಟ್ಟ ತೆನೆಗಳು ಮೇಲೇಳುತ್ತವೆ. ಫೆಸ್ಕ್ಯೂ ಇದ್ದಲ್ಲೇ ಇರುತ್ತದೆ. ಸಂಜೆಯ ಹೊತ್ತಿಗೆ ಒಂದೇ ಗ್ರೀನ್‌ನಲ್ಲಿ ಎರಡು ಎತ್ತರ. ಅದರ ಮೇಲೆ ದಿನವಿಡೀ ನಡೆದಾಡಿದವರ ಹೆಜ್ಜೆ ಗುರುತುಗಳು ಬೇರೆ.

ಆ ವರ್ಷ ಹವೆಯೂ ಕೈಕೊಟ್ಟಿತು. ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಹಿಮ ತೀರಾ ಕಡಿಮೆ ಬಿದ್ದು, ಮೇ ತಿಂಗಳಲ್ಲಿ ವಾಷಿಂಗ್ಟನ್ ರಾಜ್ಯವಿಡೀ ಬರಗಾಲದ ಘೋಷಣೆ ಆಗಿತ್ತು. ಒಣ ಬಿಸಿಲಿನಲ್ಲಿ ಗ್ರೀನ್‌ನ ಹುಲ್ಲು ಸಾಯದಂತೆ ನೀರು ಕೊಟ್ಟರೆ, ಮೇಲೆ ಬೇರು ಬಿಡುವ ಪೋವಾಗೂ ಹಬ್ಬ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಗ್ರೀನ್ ಹೇಗಿದ್ದರೂ ಎಲ್ಲರಿಗೂ ಒಂದೇ ತಾನೇ ಎಂದು ಸಂಘಟಕರು ಸಾಮಾನ್ಯವಾಗಿ ಹೇಳುತ್ತಾರೆ. ಪೂರ್ತಿ ಹಾಗಲ್ಲ. ಕೊನೆಯ ಎರಡು ದಿನ ಮುಂದಿರುವವರು ಎಲ್ಲರಿಗಿಂತ ತಡವಾಗಿ ಆಟ ಶುರುಮಾಡುತ್ತಾರೆ, ಅಂದರೆ ಅತ್ಯಂತ ಒರಟಾದ ಗ್ರೀನ್ ಅವರ ಪಾಲಿಗೆ. ಕ್ರಿಕೆಟ್‌ನಲ್ಲಿ ಐದನೇ ದಿನದ ಪಿಚ್ ಮೇಲೆ ಬ್ಯಾಟ್ ಮಾಡಿದ ಹಾಗೆ. ಹಾಗೆಂದು ಜಾನ್ಸನ್ ತಪ್ಪಿದ್ದು ಹುಲ್ಲಿನಿಂದಲೇ ಎಂದು ನಾವು ಹೇಳುತ್ತಿಲ್ಲ. ಅದೇ ಭಾನುವಾರ ದಕ್ಷಿಣ ಆಫ್ರಿಕಾದ ಲೂಯಿ ಊಸ್ಟ್‌ಹೈಜನ್ ಕೊನೆಯ 9 ಕುಳಿಗಳನ್ನು 29 ಹೊಡೆತಗಳಲ್ಲಿ ಮುಗಿಸಿ, ಜಾನ್ಸನ್ ಜೊತೆ ಎರಡನೇ ಸ್ಥಾನ ಹಂಚಿಕೊಂಡ. ಆ ಗ್ರೀನ್‌ಗಳ ಮೇಲೂ ಚೆಂಡು ಬೀಳುತ್ತಿತ್ತು.

ಚೆಂಡು ಕಡಲಿನತ್ತ ಎಳೆಯುತ್ತದೆಯೇ?

ಗಾಲ್ಫ್ ಆಡುವವರಲ್ಲಿ ಹಳೆಯ ನಂಬಿಕೆಯೊಂದಿದೆ: ಚೆಂಡು ನೀರಿನತ್ತ ಹೊರಳುತ್ತದೆ, ಬೆಟ್ಟದಿಂದ ದೂರ ಸರಿಯುತ್ತದೆ. ನೀರಿಗೆ ಅಂಥ ಸೆಳೆತವೇನೂ ಇಲ್ಲ. ಬೆಟ್ಟಕ್ಕೆ ಗುರುತ್ವವಿದೆ ನಿಜ, ಆದರೆ ಅದು ಚೆಂಡನ್ನು ತನ್ನತ್ತಲೇ ಎಳೆಯಬೇಕು, ದೂರಕ್ಕಲ್ಲ. 1774ರಲ್ಲಿ ನೆವಿಲ್ ಮಾಸ್ಕಲೈನ್ ಸ್ಕಾಟ್ಲೆಂಡ್‌ನ ಶಿಹಾಲಿಯನ್ ಬೆಟ್ಟದ ಪಕ್ಕದಲ್ಲಿ ತೂಗುಗುಂಡು ಎಷ್ಟು ವಾಲುತ್ತದೆ ಎಂದು ಅಳೆದಿದ್ದರು. ಬಂದದ್ದು ಒಂದು ಡಿಗ್ರಿಯ ಸುಮಾರು 600ನೇ ಒಂದು ಭಾಗ. ಅಷ್ಟು ಸೆಳೆತ 12 ಅಡಿ ಉರುಳುವ ಚೆಂಡನ್ನು ಒಂದೆರಡು ಮಿಲಿಮೀಟರ್ ಸರಿಸಿದರೆ ಹೆಚ್ಚು. ನಂಬಿಕೆ ಹುಟ್ಟಿದ್ದಕ್ಕೆ ಕಾರಣ ಸರಳ. ಮಳೆನೀರು ಹರಿದುಹೋಗುವಂತೆ ನೆಲ ಹೆಚ್ಚಾಗಿ ಬೆಟ್ಟದಿಂದ ನೀರಿನ ಕಡೆಗೇ ಇಳಿಜಾರಾಗಿರುತ್ತದೆ, ಸುತ್ತಲಿನ ನೋಟದಲ್ಲಿ ಆ ಇಳಿಜಾರು ಕಣ್ಣಿಗೆ ಮೋಸ ಮಾಡುತ್ತದೆ.

ಹಾಗಾದರೆ ಓಕ್‌ಮಾಂಟ್‌ನಲ್ಲಿ?

ಪೋವಾ ಅಷ್ಟು ಕೆಟ್ಟದ್ದಾದರೆ ಅಮೆರಿಕದ ಅತ್ಯಂತ ಹೆಸರುವಾಸಿ ಗ್ರೀನ್‌ಗಳಿರುವ ಓಕ್‌ಮಾಂಟ್‌ನಲ್ಲಿ ಇರುವ ಹುಲ್ಲು ಯಾವುದು? ಅದೇ ಪೋವಾ ಆನುವಾ! ಪೆಬಲ್ ಬೀಚ್‌ನಲ್ಲೂ ಅದೇ. ವ್ಯತ್ಯಾಸವಿರುವುದು ವಯಸ್ಸಿನಲ್ಲಿ. ದಶಕಗಳ ಕಾಲ ದಿನವೂ ಗಿಡ್ಡಕ್ಕೆ ಕತ್ತರಿಸುತ್ತಾ ಬಂದರೆ, ಎತ್ತರ ಬೆಳೆದು ಒಂದೇ ವರ್ಷದಲ್ಲಿ ಬೀಜ ಕಟ್ಟಿ ಸಾಯುವ ಪೋವಾ ಹಿಂದೆ ಸರಿದು, ದಟ್ಟವಾಗಿ ಹಬ್ಬುವ, ತೆನೆ ಕಡಿಮೆ ಬಿಡುವ, ವರ್ಷಗಟ್ಟಲೆ ಬದುಕುವ ಬಗೆಗಳು ಉಳಿದುಕೊಳ್ಳುತ್ತವೆ. ಕತ್ತರಿಸುವ ಯಂತ್ರವೇ ಇಲ್ಲಿ ಡಾರ್ವಿನ್ ಹೇಳಿದ ಆಯ್ಕೆಯ ಕೆಲಸ ಮಾಡುತ್ತದೆ. ಶತಮಾನ ದಾಟಿದ ಓಕ್‌ಮಾಂಟ್‌ಗೆ ಆ ಸಮಯ ಸಿಕ್ಕಿತ್ತು. ಎಂಟು ವರ್ಷದ ಚೇಂಬರ್ಸ್ ಬೇಗೆ ಸಿಕ್ಕಿರಲಿಲ್ಲ. ಅಲ್ಲಿ ಇದ್ದದ್ದು ಅರ್ಧ ಹಳಬ, ಅರ್ಧ ಹೊಸಬ.

ನಮ್ಮ ಸೆಕೆಯ ಊರುಗಳಲ್ಲಿ ಫೆಸ್ಕ್ಯೂ ನಡೆಯದು. ಇಲ್ಲಿ ಕೆಲಸಕ್ಕೆ ಬರುವುದು ಗಣಪತಿಗೆ ಏರಿಸುವ ಗರಿಕೆ. ಗಾಲ್ಫ್ ಲೋಕ ಬರ್ಮುಡಾ ಹುಲ್ಲು ಎಂದು ಕರೆಯುವುದು ಇದನ್ನೇ. ಇದನ್ನು ಆಫ್ರಿಕಾದ ಸೋದರ ಹುಲ್ಲೊಂದರ ಜೊತೆ ಬೆರೆಸಿ ಪಡೆದ ಗಿಡ್ಡ ತಳಿಗಳನ್ನು ಬಿಸಿ ಸೀಮೆಯ ಗ್ರೀನ್‌ಗಳಿಗೆ ಬಳಸುತ್ತಾರೆ.

ಜಾನ್ಸನ್ ಮರುವರ್ಷವೇ, 2016ರಲ್ಲಿ, ಯು.ಎಸ್. ಓಪನ್ ಗೆದ್ದ. ಓಕ್‌ಮಾಂಟ್‌ನಲ್ಲಿ, ಪೋವಾ ಗ್ರೀನ್‌ಗಳ ಮೇಲೆ. ಚೇಂಬರ್ಸ್ ಬೇಯವರು ಮುಂದಿನ ಕೆಲವೇ ವರ್ಷಗಳಲ್ಲಿ ಕಳೆಯ ಜೊತೆ ಕಾದಾಟ ಬಿಟ್ಟು, ಗ್ರೀನ್‌ಗಳ ಫೆಸ್ಕ್ಯೂ ಕಿತ್ತು ಪೋವಾ ಆನುವಾವನ್ನೇ ಹಾಸಿದರು. 2022ರಲ್ಲಿ ಅಮೆರಿಕದ ಮಹಿಳಾ ಹವ್ಯಾಸಿ ಚಾಂಪಿಯನ್‌ಶಿಪ್ ನಡೆದದ್ದು ಆ ಹೊಸ ಹಾಸಿನ ಮೇಲೆ, ಗೆದ್ದದ್ದು ಜಪಾನಿನ 17 ವರ್ಷದ ಸಾಕಿ ಬಾಬಾ.