ಮೂಗಿನ ಗಾಳಿಗೆ ಕಂಪ್ಯೂಟರ್ ಲೆಕ್ಕ

ಮೂಗು ಕಟ್ಟಿದೆಯೆಂದರೆ ಗಾಳಿಯ ದಾರಿ ಕಿರಿದಾಗಿದೆ; ಅದನ್ನು ಅಗಲಗೊಳಿಸಿದರೆ ಉಸಿರಾಟ ಸಲೀಸಾಗುತ್ತದೆ. ಮೇಲ್ನೋಟಕ್ಕೆ ಸರಿಯೆನಿಸುವ ಈ ತರ್ಕ ಎಲ್ಲ ರೋಗಿಗಳ ವಿಷಯದಲ್ಲೂ ನಿಜವಾಗುವುದಿಲ್ಲ. ಮೂಗಿನ ಶಸ್ತ್ರಚಿಕಿತ್ಸೆಯ ನಂತರ ದಾರಿ ವಿಶಾಲವಾಗಿದ್ದರೂ ಉಸಿರುಗಟ್ಟಿದಂತೆ ನರಳುವ ಕೆಲವರಿದ್ದಾರೆ. ಅಪರೂಪದ ಈ ತೊಂದರೆಗೆ 1994ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ‘ಎಂಪ್ಟಿ ನೋಸ್ ಸಿಂಡ್ರೋಮ್’, ಅಂದರೆ ಖಾಲಿ ಮೂಗಿನ ತೊಂದರೆ ಎಂಬ ಹೆಸರು ಬಂತು.

ತಂಪೇ ಉಸಿರಿನ ಸುಳಿವು

ಮೂಗು ಬರಿಯ ಕೊಳವೆಯಲ್ಲ. ಪ್ರತಿ ಹೊಳ್ಳೆಯ ಒಳಗೋಡೆಯಲ್ಲೂ ಟರ್ಬಿನೇಟ್ ಎಂಬ ಸುರುಳಿಯಾಕಾರದ ಮೂರು ಮಡಿಕೆಗಳಿವೆ. ಒಳಬಂದ ಗಾಳಿ ಅವುಗಳ ಒದ್ದೆ ಪೊರೆಯನ್ನು ಸವರಿಕೊಂಡು ಸಾಗುತ್ತಾ ಬೆಚ್ಚಗಾಗುತ್ತದೆ, ತೇವಗೊಳ್ಳುತ್ತದೆ. ಆಗ ಪೊರೆ ತಂಪಾಗುತ್ತದೆ. ಆ ತಂಪನ್ನು ಗ್ರಹಿಸಿದ ನರಗಳು ಗಾಳಿ ಬಂದಿತೆಂದು ಮೆದುಳಿಗೆ ತಿಳಿಸುತ್ತವೆ. ಮೆಂಥಾಲ್ ಮೂಸಿದೊಡನೆ ಮೂಗು ತೆರೆದಂತೆ ಭಾಸವಾಗುವುದೂ ಇದರಿಂದಲೇ; ಆ ನರಗಳು ಚುರುಕುಗೊಳ್ಳುತ್ತವೆಯೇ ಹೊರತು ದಾರಿ ಮೊದಲಿನಷ್ಟೇ ಇರುತ್ತದೆ. ಮಡಿಕೆಗಳನ್ನು ಅತಿಯಾಗಿ ಕತ್ತರಿಸಿದರೆ ಈ ಸುಳಿವೇ ಕುಂದಬಹುದು.

ಲೆಕ್ಕ ನಡೆಯುವುದು ಹೀಗೆ

ಗಾಳಿ ಎಲ್ಲಿ ಪೊರೆಯನ್ನು ಮುಟ್ಟುತ್ತದೆ, ಎಲ್ಲಿ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಕಣ್ಣಿನಿಂದ ಕಾಣಲಾಗದು. ಇಲ್ಲಿ ನೆರವಾಗುವುದು ವಿಮಾನದ ರೆಕ್ಕೆಯ ವಿನ್ಯಾಸಕ್ಕೆ ಬಳಸುವ ಗಣಿತವೇ. ರೋಗಿಯ ಸಿ.ಟಿ. ಸ್ಕ್ಯಾನ್ ಚಿತ್ರಗಳಿಂದ ಮೂಗಿನ ಒಳಭಾಗದ ಮೂರು ಆಯಾಮದ ಮಾದರಿ ರಚಿಸುತ್ತಾರೆ. ಅದನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ವಿಭಜಿಸುತ್ತಾರೆ. ಪ್ರತಿ ಕೋಶದಲ್ಲಿ ಗಾಳಿಯ ವೇಗ, ಒತ್ತಡ, ಉಷ್ಣತೆ ಎಷ್ಟೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 1995ರಲ್ಲಿ ಅಮೆರಿಕದ ಕೇಹಾನಿ, ಶೆರರ್ ಮತ್ತು ಮೊಝೆಲ್ ಇಂಥ ಮಾದರಿಯೊಂದನ್ನು ಪ್ರಕಟಿಸಿದ್ದರು.

ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಕೈ ಝಾವೊ ತಂಡ ಖಾಲಿ ಮೂಗಿನ ರೋಗಿಗಳನ್ನು ಹೀಗೆ ಪರೀಕ್ಷಿಸಿ 2017ರಲ್ಲಿ ವರದಿ ನೀಡಿತು. ಅವರ ಮೂಗಿನಲ್ಲಿ ಗಾಳಿಯ ಬಹುಪಾಲು ನಡುವಿನ ದಾರಿಯಲ್ಲೇ ನುಗ್ಗುತ್ತಿತ್ತು. ವಿಶಾಲವಾಗಿದ್ದ ಕೆಳಗಿನ ದಾರಿಯ ಗೋಡೆಗೆ ಅದರ ಸ್ಪರ್ಶ ಕಡಿಮೆಯಿತ್ತು. ಮೆಂಥಾಲ್ ಗುರುತಿಸುವ ಶಕ್ತಿಯೂ ಕುಗ್ಗಿತ್ತು. ಪರೀಕ್ಷೆಗಳಲ್ಲಿ ‘ಎಲ್ಲ ಸರಿಯಿದೆ’ ಎಂದು ಕೇಳಿ ಬೇಸತ್ತವರ ನೋವಿಗೆ ಇದರಿಂದ ಒಂದು ಆಧಾರ ದೊರೆಯಿತು.

ಮಿತಿಗಳೂ ಉಂಟು

ಈ ಮಾದರಿಯಲ್ಲಿ ಮಡಿಕೆಯನ್ನು ತೆರೆಯ ಮೇಲೆಯೇ ಕತ್ತರಿಸಿ, ಪರಿಣಾಮವನ್ನು ಮುಂಚಿತವಾಗಿ ನೋಡಬಹುದು. ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು ಎಂದು ವೈದ್ಯರು ಅಳೆಯಬಹುದು. ಆದರೆ ಎರಡು ಹೊಳ್ಳೆಗಳ ಪೊರೆ ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಊದಿ ಇಳಿಯುತ್ತದೆ. ಸ್ಕ್ಯಾನ್ ಸೆರೆಹಿಡಿಯುವುದು ಒಂದು ಕ್ಷಣವನ್ನು ಮಾತ್ರ. ಆದ್ದರಿಂದ ಕಂಪ್ಯೂಟರಿನ ಲೆಕ್ಕ ವೈದ್ಯರ ಅನುಭವಕ್ಕೆ ಪೂರಕವೇ ವಿನಾ ಪರ್ಯಾಯವಲ್ಲ. ಕತ್ತರಿಸಿದ ಮಡಿಕೆ ಮತ್ತೆ ಮೊದಲಿನಂತಾಗದು. ತೆರೆಯ ಮೇಲಿನ ತಪ್ಪನ್ನಾದರೆ ಅಳಿಸಬಹುದು.